ದಾಕ್ಷಿಣ್ಯದ ಕಾರ್ಡು

ಎರಡು ವರ್ಷದ ಹಿಂದೆ, ಆಯುಧಪೂಜೆಯ ಮಾರನೆಯ ದಿನ, ಆಲೂರಿನ ಪೆಟ್ರೋಲ್ ಬಂಕಿನಲ್ಲಿ ನನ್ನ ತಂಗಿಯ ಮಗಳು ಭವ್ಯಳ ಕ್ರೆಡಿಟ್ ಕಾರ್ಡು ಮುಷ್ಕರ ಹೂಡಿತು. ಬಂಕಿನವನು ಅದನ್ನು ಮೆಷಿನ್ನಿಗೆ ತೂರಿಸಿದ, ತೆಗೆದ, ಪ್ಯಾಂಟಿಗೆ ಒರೆಸಿ ಮತ್ತೆ ತೂರಿಸಿದ. ಕೊನೆಗೆ ಮೂಗಿನ ಹತ್ತಿರ ಹಿಡಿದು ನೋಡಿ, ಇದಕ್ಕೆ ಯಾರೋ ವಿಭೂತಿ ಬಳಿದಿದ್ದಾರೆ ಎಂದು ವರದಿ ಒಪ್ಪಿಸಿದ. ಬಳಿದವಳು ನನ್ನ ತಂಗಿ ಗಿರಿಜೆ. ಹಿಂದಿನ ದಿನ ಅವಳು ಸ್ಕೂಟರು, ಕುಡುಗೋಲು, ಹೊಲಿಗೆ ಯಂತ್ರ, ಮಿಕ್ಸಿಗಳ ಸಾಲಿನಲ್ಲಿ ಮಗಳ ಕಾರ್ಡನ್ನೂ ಮಲಗಿಸಿ, ಮೂರು ಬೆರಳಿನಲ್ಲಿ ವಿಭೂತಿ ಎಳೆದು, ನಡುವೆ ಕುಂಕುಮವಿಟ್ಟು ಕೈಮುಗಿದಿದ್ದಳು. ಆ ವಿಭೂತಿ ಹೋಗಿ ಚಿನ್ನದ ಬಣ್ಣದ ಚಿಪ್ಪಿನ ಮೇಲೆ ಭದ್ರವಾಗಿ ಕೂತಿತ್ತು.

ನಾನು ಸ್ಕೂಟರಿನ ಹಿಂದೆ ಕೂತು ಹೊಟ್ಟೆ ಹಿಡಿದು ನಕ್ಕೆ. ಆಮೇಲೆ ಯೋಚಿಸಿದರೆ ಗಿರಿಜೆಯ ತಪ್ಪೇನೂ ಕಾಣಲಿಲ್ಲ. ಕುಡುಗೋಲಿಗೆ ಪೂಜೆ ಮಾಡುವುದೇ ಅದು ಹುಲ್ಲನ್ನು ಕೊಯ್ಯಲಿ, ಬೆರಳನ್ನು ಬಿಡಲಿ ಎಂದು. ಕಾರ್ಡಿಗೂ ಅದೇ ಪ್ರಾರ್ಥನೆ ಸಲ್ಲುತ್ತದೆ. ಅಲ್ಲದೆ, ಮನೆಯಲ್ಲಿ ಎಷ್ಟು ಕುಡುಗೋಲುಗಳಿರಬೇಕು ಎಂಬ ಪ್ರಶ್ನೆಯನ್ನು ನಮ್ಮ ಹಿರಿಯರು ಯಾರೂ ಕೇಳಿಕೊಂಡಂತಿಲ್ಲ. ಕೊಯ್ಯುವ ಕೈ ಎಷ್ಟಿದ್ದವೋ ಅಷ್ಟಿದ್ದವು.

ಇಂಥ ವಿಷಯಗಳಲ್ಲಿ ನನಗೆ ಖಚಿತವಾದ ಅಭಿಪ್ರಾಯಗಳಿವೆ. ಮೊದಲೇ ಹೇಳಿಬಿಡುತ್ತೇನೆ, ನಾನು ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸಾಗಿದ್ದವಳು. ಹೆಚ್ಚು ಕಾಲ ಹೆರಿಗೆ ವಾರ್ಡಿನಲ್ಲೇ ಕಳೆದೆ. ಐವತ್ತೈದಕ್ಕೆ ಸ್ವಯಂ ನಿವೃತ್ತಿ ಪಡೆದು ಆಲೂರಿನಲ್ಲೊಂದು ಸಣ್ಣ ಮನೆ ಮಾಡಿಕೊಂಡಿದ್ದೇನೆ. ಮದುವೆಯಾಗಲಿಲ್ಲ. ಹಾಗಾಗಿ ನೆಂಟರ ಮಕ್ಕಳಿಗೆಲ್ಲ ಬುದ್ಧಿ ಹೇಳಲು ಬೇಕಾದಷ್ಟು ಪುರುಸೊತ್ತಿದೆ. ಕೇಳಿದರೆ ಹೇಳುತ್ತೇನೆ, ಕೇಳದಿದ್ದರೆ ಇನ್ನೂ ವಿವರವಾಗಿ ಹೇಳುತ್ತೇನೆ. ನೋವು ತಿನ್ನುತ್ತಿರುವವಳ ಮುಂದೆ ನಿಂತು 'ಹೀಗೂ ಆಗಬಹುದು, ಹಾಗೂ ಆಗಬಹುದು' ಎಂದರೆ ನಡೆಯುತ್ತದೆಯೇ? 'ಈಗ ತಳ್ಳು, ಈಗ ಬೇಡ' ಎನ್ನಬೇಕು. ಆ ದನಿ ನನ್ನ ನಾಲಿಗೆಗೆ ಅಂಟಿಕೊಂಡಿದೆ, ನಿವೃತ್ತಿಯಾದರೂ ಬಿಟ್ಟಿಲ್ಲ.

ಭವ್ಯ ಬೆಳಗೋಡಿನವಳು. ಸಕಲೇಶಪುರದ ಒಂದು ಹಲ್ಲಿನ ಆಸ್ಪತ್ರೆಯಲ್ಲಿ ಮುಂಗಟ್ಟೆಯ ಕೆಲಸ. ಬರುವ ರೋಗಿಗಳ ಹೆಸರು ಬರೆದುಕೊಂಡು, ಹೆದರಿದವರಿಗೆ ಧೈರ್ಯ ಹೇಳಿ ಕೂರಿಸುವುದು. ಆದರೆ ಅವಳ ತಲೆಯ ತುಂಬ ಇದ್ದದ್ದು ಹಲ್ಲಲ್ಲ, ಕಾಳುಮೆಣಸು. ನಮ್ಮ ಕಡೆ ಮೆಣಸು ಕೊಯ್ದ ಮೇಲೆ ಗೊಂಚಲಿನಿಂದ ಕಾಳು ಬಿಡಿಸುವುದು ದೊಡ್ಡ ತಾಪತ್ರಯ. ಕಣದಲ್ಲಿ ರಾಶಿ ಹಾಕಿ ಕಾಲಿನಲ್ಲಿ ತುಳಿಯಬೇಕು. ತುಳಿಯುವ ಆಳು ಸಿಗುವುದಿಲ್ಲ, ಸಿಕ್ಕರೂ ಅಂಗಾಲು ಉರಿದು ಎರಡನೇ ದಿನ ಬರುವುದಿಲ್ಲ. ದೊಡ್ಡ ಎಸ್ಟೇಟುಗಳಲ್ಲಿ ಬಿಡಿಸುವ ಮೆಷಿನ್ನಿದೆ. ಒಂದೆರಡು ಎಕರೆಯವರು ಅದನ್ನು ಕೊಂಡು ಮಾಡುವುದೇನು? ಒಂದು ಹಳೆಯ ಪಿಕಪ್ ಗಾಡಿಯ ಮೇಲೆ ಮೆಷಿನ್ನು ಕೂರಿಸಿಕೊಂಡು ಮನೆ ಮನೆಯ ಕಣಕ್ಕೇ ಹೋಗಿ ಬಿಡಿಸಿಕೊಡಬೇಕು, ಕಿಲೋಗೆ ಇಷ್ಟು ಅಂತ ತೆಗೆದುಕೊಳ್ಳಬೇಕು ಎಂಬುದು ಭವ್ಯಳ ಯೋಜನೆ. ಯಾರ ಹತ್ತಿರವೂ ಕೇಳದೆ, ತನ್ನದೇ ಹೆಸರಿನಲ್ಲಿ ಸಾಲ ಮಾಡಿ ಆ ಗಾಡಿ ಕೊಳ್ಳಬೇಕು ಎಂಬುದು ಅವಳ ಹಟ. ನನಗೆ ಆ ಹಟ ತುಂಬ ಹಿಡಿಸಿತು. ನಮ್ಮ ಮನೆತನದಲ್ಲಿ ಹೆಂಗಸರ ಹೆಸರಿನಲ್ಲಿ ಅದುವರೆಗೆ ಓಡಿದ್ದ ಗಾಡಿ ಎಂದರೆ ಹೊಲಿಗೆ ಯಂತ್ರದ ಗಾಲಿ ಒಂದೇ.

ಬ್ಯಾಂಕಿನ ಮ್ಯಾನೇಜರು ಮರ್ಯಾದಸ್ಥರೇ. ಯೋಜನೆ ಚೆನ್ನಾಗಿದೆ ಎಂದರು. ಆದರೆ ನಿಮ್ಮ ಸಾಲದ ಅಂಕ, ಅದೇ ಕ್ರೆಡಿಟ್ ಸ್ಕೋರು, ಇನ್ನೂ ಎಳೆಯದು, ಇರುವುದು ಒಂದೇ ಕಾರ್ಡು, ಅದಕ್ಕೂ ವರ್ಷ ತುಂಬಿಲ್ಲ. ಇನ್ನೊಂದಿಷ್ಟು ತಿಂಗಳು ಸರಿಯಾಗಿ ಕಟ್ಟಿಕೊಂಡು ಬನ್ನಿ ಎಂದರು. ಇನ್ನೊಂದಿಷ್ಟು ತಿಂಗಳು ಎಂದರೆ ಮೆಣಸಿನ ಕೊಯ್ಲು ಮುಗಿದೇ ಹೋಗುತ್ತದೆ. ಭವ್ಯ ಮುಖ ಸಪ್ಪಗೆ ಮಾಡಿಕೊಂಡು ಹೊರಗೆ ಬಂದಳು. ಆಗ ಅವಳಿಗೆ ಸಿಕ್ಕಿದವನು ನವೀನ.

ನವೀನ ಗಿರಿಜೆಯ ನಾದಿನಿಯ ಮೈದುನನ ಮಗ. ನಮ್ಮಲ್ಲಿ ಇದನ್ನು ಹತ್ತಿರದ ನೆಂಟಸ್ತನ ಎನ್ನುತ್ತಾರೆ. ಕಾರ್ಡು ಮಾಡಿಸಿಕೊಡುವ ಕೆಲಸಕ್ಕೆ ಸೇರಿದ್ದ, ತಿಂಗಳಿಗೆ ಇಷ್ಟು ಜನರನ್ನು ಹಿಡಿಯಲೇಬೇಕು. ಒಂದು ಕಾರ್ಡಿನಿಂದ ಏನಾಗುತ್ತದೆ, ಇನ್ನೊಂದು ಮೂರು ತೆಗೆದುಕೋ, ಎಲ್ಲದರಲ್ಲೂ ಚೂರು ಚೂರು ಖರ್ಚು ಮಾಡಿ ಕಟ್ಟುತ್ತಾ ಹೋಗು, ಅಂಕ ತಾನಾಗಿ ಏರುತ್ತದೆ ಎಂದು ಅವನು ಭವ್ಯಳಿಗೆ ಬೋಧಿಸಿದ. ಬೆಳಗೋಡಿನ ಮನೆಗೂ ಬಂದ, ಅಕ್ಕಿರೊಟ್ಟಿ ತಿಂದ, ಕಾಫಿ ಕುಡಿದ. ವಾರದಲ್ಲಿ ಇನ್ನಿಬ್ಬರು ಬಂದರು. ಅವರೂ ಹೀಗೇ ಯಾವುದೋ ಮದುವೆಯ ಕೊಂಡಿಯಲ್ಲಿ ನೆಂಟರಾದವರು, ಅವರದೂ ಬೇರೆ ಬೇರೆ ಬ್ಯಾಂಕಿನ ಕಾರ್ಡುಗಳೇ.

ಇಲ್ಲಿ ನಮ್ಮ ಸೀಮೆಯ ಒಂದು ಶಿಷ್ಟಾಚಾರವನ್ನು ಹೇಳಬೇಕು. ಮದುವೆಯ ಕರೆಯೋಲೆ ಹಂಚಲು ಹೊರಟರೆ ಒಂದು ಬೀದಿಯಲ್ಲಿ ಒಂದು ಮನೆಗೆ ಹೋಗಿ ಪಕ್ಕದ ಮನೆ ಬಿಡುವಂತಿಲ್ಲ. ಬಿಟ್ಟರೆ ಆ ಮುನಿಸು ಮೊಮ್ಮಕ್ಕಳ ಕಾಲಕ್ಕೂ ಆರುವುದಿಲ್ಲ. ಗಿರಿಜೆ ಕಾರ್ಡಿಗೂ ಇದೇ ಕಾನೂನು ಅನ್ವಯಿಸಿದಳು. ನವೀನನಿಗೆ ಹೂಂ ಎಂದ ಮೇಲೆ ಉಳಿದಿಬ್ಬರಿಗೆ ಊಹೂಂ ಎನ್ನುವುದು ಹೇಗೆ? ನಾನು ಫೋನಿನಲ್ಲಿ ಗದರಿದರೆ ಅವಳಿಂದ ಬಂದ ಉತ್ತರ ಇದು:

"ಮನೇಗ್ ಬಂದು ರೊಟ್ಟಿ ತಿಂದ್ಕೊಂಡು ಹೋದ ಹುಡುಗ್ರು ಕಣಕ್ಕ. ಒಬ್ಬುನ್ಗೆ ಕೊಟ್ಟು ಇನ್ನೊಬ್ಬುನ್ಗೆ ಇಲ್ಲ ಅಂದ್ರೆ ನಾಳೆ ಮುಖ ಹೆಂಗೆ ತೋರ್ಸೋದು?"

ದಾಕ್ಷಿಣ್ಯಕ್ಕೆ ಬಸಿರಾದರೆ ಹೆರೋಕೆ ಜಾಗವಿಲ್ಲ ಎಂಬ ಗಾದೆಯನ್ನು ಹೆರಿಗೆ ವಾರ್ಡಿನಲ್ಲಿ ಆಯುಷ್ಯ ಸವೆಸಿದ ನಾನು ಎಷ್ಟು ಜನಕ್ಕೆ ಹೇಳಿದ್ದೇನೋ. ನನ್ನ ತಂಗಿಗೆ ಮಾತ್ರ ಹೇಳುವುದು ಬಿಟ್ಟುಹೋಗಿತ್ತು.

ಈಗ ನಿಮ್ಮನ್ನೇ ಕೇಳುತ್ತೇನೆ. ಸಾಲ ಮಾಡುವುದಕ್ಕೆ ಯೋಗ್ಯಳು ಎಂದು ತೋರಿಸಲು ಸಾಲ ಮಾಡಬೇಕು ಎಂಬ ಮಾತು ಮೊದಲ ಸಲ ಕೇಳಿದಾಗ ತಲೆ ತಿರುಗುವುದಿಲ್ಲವೇ? ನನಗೆ ತಿರುಗಿತ್ತು. ಆಮೇಲೆ ಹೊಳೆಯಿತು, ಇದು ಹೊಸದೇನಲ್ಲ. ಶಾಸ್ತ್ರದ ಪ್ರಕಾರ ಮನುಷ್ಯ ಹುಟ್ಟುವುದೇ ದೇವಋಣ, ಋಷಿಋಣ, ಪಿತೃಋಣ ಎಂಬ ಮೂರು ಸಾಲ ಹೊತ್ತುಕೊಂಡು. ಅರ್ಜಿ ಹಾಕಿದವರಿಲ್ಲ, ಬೇಡವೆನ್ನಲು ಅವಕಾಶವೂ ಇರಲಿಲ್ಲ. ತೀರಿಸುತ್ತಾ ಹೋಗುವವನನ್ನೇ ಲೋಕ ಯೋಗ್ಯ ಎನ್ನುತ್ತದೆ. ಅಷ್ಟೆಲ್ಲ ಮೇಲಕ್ಕೆ ಯಾಕೆ, ನಮ್ಮ ಗದ್ದೆಗೇ ಬನ್ನಿ. ಮುಯ್ಯಾಳು ಎಂದರೆ ಗೊತ್ತಲ್ಲ, ಇವತ್ತು ನೀನು ನನ್ನ ಗದ್ದೆಗೆ ನಾಟಿಗೆ ಬಾ, ನಾಳೆ ನಾನು ನಿನ್ನ ಗದ್ದೆಗೆ ಬರುತ್ತೇನೆ ಎಂಬ ಒಪ್ಪಂದ. ನಾನು ಸಣ್ಣವಳಿದ್ದಾಗ ಯಾವ ಮನೆಯವರು ಮುಯ್ಯಿಯನ್ನು ಹೊತ್ತಿಗೆ ಸರಿಯಾಗಿ ತೀರಿಸುತ್ತಾರೆ, ಯಾವ ಮನೆಯವರಿಗೆ ನಾಟಿಯ ದಿನವೇ ಸೊಂಟ ಹಿಡಿದುಕೊಳ್ಳುತ್ತದೆ ಎಂಬುದು ಇಡೀ ಊರಿಗೆ ಬಾಯಿಪಾಠವಾಗಿತ್ತು. ಅದೇ ಅಂಕ. ಈಗ ಅದನ್ನು ಕಂಪ್ಯೂಟರು ನೆನಪಿಟ್ಟುಕೊಳ್ಳುತ್ತದೆ, ಊರಿನ ಹೆಂಗಸರಿಗೆ ಕೆಲಸ ಕಡಿಮೆಯಾಗಿದೆ.

ಮುಯ್ಯಾಳಿನ ಲೆಕ್ಕ ತಿಳಿದವರಿಗೆ ಕಾರ್ಡಿನ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಅವಸರಕ್ಕೆ ಬಿದ್ದು ನಾಟಿಯ ವಾರ ಹತ್ತು ಮನೆಯಿಂದ ಆಳು ಕರೆದುಕೊಂಡವಳ ಗದ್ದೆ ಬೇಗ ಮುಗಿಯುತ್ತದೆ, ನಿಜ. ಮುಂದಿನ ವಾರ ಹತ್ತೂ ಮನೆಯವರು ಒಂದೇ ದಿನ ಕರೆದರೆ ಅವಳಿಗಿರುವುದು ಒಂದೇ ಸೊಂಟ. ಅದಕ್ಕೇ ತಿಳಿದವರು, ಏಕಾಏಕಿ ಹತ್ತು ಬಾಗಿಲು ತಟ್ಟುವವಳನ್ನು ಕಂಡರೆ ಸ್ವಲ್ಪ ಹಿಂದೇಟು ಹಾಕುತ್ತಿದ್ದರು. ಬ್ಯಾಂಕುಗಳೂ ಅಷ್ಟೇ. ಹೊತ್ತಿಗೆ ಸರಿಯಾಗಿ ಕಟ್ಟುತ್ತೀಯಾ, ಕೊಟ್ಟ ಮಿತಿಯಲ್ಲಿ ಎಷ್ಟು ಬಳಸುತ್ತೀಯಾ, ಎಷ್ಟು ಕಾಲದಿಂದ ಹೀಗೆ ನಡೆದುಕೊಂಡು ಬಂದಿದ್ದೀಯಾ, ಈಚೆಗೆ ಎಷ್ಟು ಬಾಗಿಲು ತಟ್ಟಿದ್ದೀಯಾ, ಇಷ್ಟೇ ಅವರು ನೋಡುವುದು. ಇದರಲ್ಲಿ ಮೊದಲಿನೆರಡೂ ಕೊನೆಯದೂ ನಮ್ಮ ಕೈಯಲ್ಲಿವೆ. ಮೂರನೆಯದಕ್ಕೆ ಕಾಯಬೇಕು. ಕಾಯುವುದಕ್ಕೆ ಬದಲಿ ಔಷಧಿ ಇಲ್ಲ. ಒಂಬತ್ತು ಹೆಂಗಸರು ಸೇರಿ ಒಂದು ತಿಂಗಳಿಗೆ ಹೆತ್ತದ್ದನ್ನು ನಾನಂತೂ ನನ್ನ ವಾರ್ಡಿನಲ್ಲಿ ಕಾಣಲಿಲ್ಲ.

ನವೀನನ ಮಾತು ಪೂರ್ತಿ ಸುಳ್ಳು ಎನ್ನಲಾರೆ. ಎರಡನೇ ಕಾರ್ಡಿದ್ದರೆ ಮಿತಿ ಹೆಚ್ಚುತ್ತದೆ, ಖರ್ಚು ಅಷ್ಟೇ ಇದ್ದರೆ ಬಳಸಿದ ಪಾಲು ಕಡಿಮೆ ಕಾಣುತ್ತದೆ, ಅದು ಒಳ್ಳೆಯದೇ. ಒಂದು ಕಾರ್ಡನ್ನು ಒಂದೆರಡು ವರ್ಷ ಅಚ್ಚುಕಟ್ಟಾಗಿ ನಡೆಸಿದ ಹುಡುಗಿ ಇನ್ನೊಂದು ತೆಗೆದುಕೊಂಡರೆ ನಾನೇನೂ ಅಡ್ಡ ಮಲಗುವುದಿಲ್ಲ. ಆದರೆ ಕಾರ್ಡು ಹೆಚ್ಚಿದಂತೆ ಖರ್ಚು ಅಷ್ಟೇ ಇರುತ್ತದೆ ಎಂದು ನಂಬುವವರು ಮನುಷ್ಯರನ್ನು ಹತ್ತಿರದಿಂದ ಕಂಡವರಲ್ಲ. ನಾಲ್ಕು ಕಾರ್ಡಿಗೆ ನಾಲ್ಕು ಗಡುವು. ಒಂದು ಮರೆತರೂ ನೂರಕ್ಕೆ ತಿಂಗಳಿಗೆ ಮೂರು ಮೂರೂವರೆ ರೂಪಾಯಿ ಬಡ್ಡಿ. ನಮ್ಮೂರಿನಲ್ಲಿ ಮೂರು ರೂಪಾಯಿ ಬಡ್ಡಿಗೆ ಕೊಡುವವನನ್ನು ಕಂಡರೆ ಜನ ಬೆನ್ನ ಹಿಂದೆ ನೆಟಿಕೆ ಮುರಿಯುತ್ತಾರೆ. ಅದೇ ಬಡ್ಡಿ ಬಣ್ಣದ ಲಕೋಟೆಯಲ್ಲಿ ಬಂದರೆ ವಿಭೂತಿ ಹಚ್ಚುತ್ತಾರೆ.

ಇಷ್ಟನ್ನೂ ನಾನು ಭವ್ಯಳನ್ನು ಮನೆಗೆ ಕರೆಸಿ, ಎದುರಿಗೆ ಕೂರಿಸಿ, ಉಪ್ಪಿಟ್ಟು ಕೊಟ್ಟು, ಅದು ಆರುವವರೆಗೆ ಹೇಳಿದೆ. ಒಂದೇ ಕಾರ್ಡು ಸಾಕು, ಬೇರೆ ಯಾವುದಕ್ಕೂ ಸಹಿ ಹಾಕಬೇಡ ಎಂದು ತೀರ್ಪು ಕೊಟ್ಟೆ. ಅವಳು ತಟ್ಟೆಯನ್ನು ನೋಡುತ್ತಾ ಕೂತಿದ್ದಳು.

"ದೊಡ್ಡಮ್ಮ, ನಾನು ಹಾಕ್ಬುಟ್ಟಿದೀನಿ," ಎಂದಳು. "ಮೂರಕ್ಕೂ."

ಹೆರಿಗೆ ಮುಗಿದ ಮೇಲೆ ಗರ್ಭಿಣಿಯರ ಆಹಾರದ ಬಗ್ಗೆ ಭಾಷಣ ಮಾಡಿದ ಹಾಗಾಯಿತು ನನ್ನ ಸ್ಥಿತಿ.

ಮೂರರಲ್ಲಿ ನವೀನನದು ಬಂತು, ಎರಡು ತಿರಸ್ಕಾರವಾದವು. ತಿರಸ್ಕಾರವಾದದ್ದಕ್ಕೆ ಗಿರಿಜೆ ನೆಮ್ಮದಿಯ ಉಸಿರು ಬಿಟ್ಟಳು. ಕೇಳಿದವರಿಗೆ ಇಲ್ಲ ಎನ್ನದೆ, ಕಾರ್ಡೂ ಬರದೆ ಹೋದದ್ದು ಅವಳಿಗೆ ದೇವರೇ ಮಾಡಿದ ಏರ್ಪಾಡಾಗಿ ಕಂಡಿತು. ಬ್ಯಾಂಕಿನವರಿಗೆ ಹಾಗೆ ಕಾಣಲಿಲ್ಲ. ಅಂಕ ಕೆಳಗಿಳಿದಿತ್ತು. ಅದಕ್ಕಿಂತ ಹೆಚ್ಚಾಗಿ, ಈ ಹುಡುಗಿ ಒಂದೇ ವಾರದಲ್ಲಿ ಮೂರು ಕಡೆ ಸಾಲಕ್ಕೆ ಓಡಾಡಿದ್ದಾಳೆ ಎಂಬುದು ಅವಳ ಹೆಸರಿನ ಮುಂದೆ ಕಾಣುವಂತಾಗಿತ್ತು. ಅವಳು ಓಡಾಡಿದ್ದೇ ಇಲ್ಲ, ಸಾಲವೇ ಅವಳ ಮನೆಗೆ ಬಂದು ರೊಟ್ಟಿ ತಿಂದು ಹೋಯಿತು ಎಂಬುದನ್ನು ಕಂಪ್ಯೂಟರಿಗೆ ಹೇಳುವವರು ಯಾರು? ಮ್ಯಾನೇಜರು ಮತ್ತೆ ಮರ್ಯಾದೆಯಿಂದಲೇ ಹೇಳಿದರು: ಆರು ತಿಂಗಳು ಸುಮ್ಮನಿರಿ, ಅಥವಾ ಜೊತೆಗೆ ಸಹಿ ಹಾಕಲು ಒಳ್ಳೆಯ ಹೆಸರಿರುವ ಒಬ್ಬರನ್ನು ಕರೆದುಕೊಂಡು ಬನ್ನಿ.

ಅವಳ ಅಪ್ಪನನ್ನು ಕರೆಯುವಂತಿರಲಿಲ್ಲ. ಅವರು ಯಾರ ಸಾಲವನ್ನೂ ಮುಳುಗಿಸಿದವರಲ್ಲ, ಆದರೆ ಕಾಫಿ ಬೆಳೆಯುವವರ ಅಭ್ಯಾಸದಂತೆ ಎಲ್ಲರ ಬಾಕಿಯನ್ನೂ ಕಾಫಿ ಮಾರಿದ ಮೇಲೆ ಒಟ್ಟಿಗೆ ತೀರಿಸುವವರು. ಅಂಗಡಿಯವರು, ಗೊಬ್ಬರದವರು ಎಲ್ಲ ಅದಕ್ಕೆ ಒಗ್ಗಿಕೊಂಡಿದ್ದಾರೆ. ಬ್ಯಾಂಕಿಗೂ ಹಾಗೇ ಮಾಡಿದ್ದರು. ಗಡುವು ಮುಗಿದ ಮೇಲೆ ಹೋಗಿ ನಗುನಗುತ್ತಾ ಬಡ್ಡಿ ಸಮೇತ ಕಟ್ಟಿ, ಸಿಬ್ಬಂದಿಗೆಲ್ಲ ಕಿತ್ತಳೆ ಹಣ್ಣು ಕೊಟ್ಟು ಬರುತ್ತಿದ್ದರು. ಹಣ್ಣು ಸಿಬ್ಬಂದಿಗೆ ನೆನಪಿತ್ತು, ಗಡುವು ಕಂಪ್ಯೂಟರಿಗೆ ನೆನಪಿತ್ತು.

ಹಾಗಾಗಿ ಉಳಿದವಳು ನಾನು. ಎಷ್ಟು ಗತ್ತಿನಿಂದ ಹೋದೆ ಅಂತೀರಿ! ಇಸ್ತ್ರಿ ಮಾಡಿದ ಸೀರೆ, ಕೈಯಲ್ಲಿ ಪಿಂಚಣಿಯ ಪುಸ್ತಕ. ಬದುಕಿನಲ್ಲಿ ಒಬ್ಬರ ಹತ್ತಿರ ಒಂದು ಪೈಸೆ ಸಾಲ ಮಾಡಿದವಳಲ್ಲ. ಕೆಲಸದಲ್ಲಿದ್ದಷ್ಟು ದಿನ ಕ್ವಾರ್ಟರ್ಸು, ನಿವೃತ್ತಿಯ ದುಡ್ಡಿನಲ್ಲಿ ಮನೆ, ಟಿವಿಯನ್ನು ಕೂಡ ಕಂತಿನಲ್ಲಿ ಕೊಂಡವಳಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತಿಗೆ ಮಾದರಿ ಬೇಕಾದರೆ ನನ್ನನ್ನು ಕರೆದುಕೊಂಡು ಹೋಗಿ ನಿಲ್ಲಿಸಬಹುದು. ನನ್ನಂಥವಳ ಸಹಿ ಸಿಕ್ಕಿದರೆ ಬ್ಯಾಂಕಿನವರು ಎದ್ದು ನಿಂತು ತೆಗೆದುಕೊಳ್ಳುತ್ತಾರೆ ಎಂದೇ ನಂಬಿದ್ದೆ.

ಮ್ಯಾನೇಜರು ನನ್ನ ಪ್ಯಾನು, ಆಧಾರಿನ ನಂಬರುಗಳನ್ನು ಕಂಪ್ಯೂಟರಿಗೆ ಒತ್ತಿದರು, ಕನ್ನಡಕ ಮೇಲೆ ಮಾಡಿ ನೋಡಿದರು, ಮತ್ತೆ ಒತ್ತಿದರು.

"ನಿಮ್ಮ ಹೆಸರಲ್ಲಿ ಏನೂ ಇಲ್ವಲ್ಲಮ್ಮ," ಎಂದರು.

ಹೌದು, ಏನೂ ಇಲ್ಲ, ಅದೇ ನನ್ನ ಹೆಗ್ಗಳಿಕೆ ಎಂದೆ. ಅವರು ಪಾಪ, ನನಗೆ ನೋವಾಗದ ಹಾಗೆ ತಿಳಿಸಿ ಹೇಳಿದರು. ಏನೂ ಇಲ್ಲ ಎಂದರೆ ಒಳ್ಳೆಯದು ಅಂತಲ್ಲ, ಕೆಟ್ಟದ್ದು ಅಂತಲೂ ಅಲ್ಲ, ಗೊತ್ತಿಲ್ಲ ಅಂತ. ನಿನ್ನೆ ಹದಿನೆಂಟು ತುಂಬಿದವರೂ ನಾನೂ ಅವರ ಕಣ್ಣಿಗೆ ಒಂದೇ. ಪಿಂಚಣಿ ಇದೆಯಲ್ಲ ಎಂದೆ. ಇದೆ, ಆದರೆ ಆ ಹುಡುಗಿಯ ಕಡೆಯ ತೂಕ ಹೆಚ್ಚಿಸಲು ಸಾಲ ಮಾಡಿ ತೀರಿಸಿದ ಹೆಸರು ಬೇಕಿತ್ತು, ದುಡ್ಡು ಕೂಡಿಟ್ಟ ಹೆಸರಲ್ಲ ಎಂದರು. ಭವ್ಯ ನನ್ನ ಮೊಣಕೈ ಹಿಡಿದುಕೊಂಡಳು. ಪಿಂಚಣಿಯ ಪುಸ್ತಕವನ್ನು ಚೀಲದ ತಳಕ್ಕೆ ತುರುಕಿ, ಹೊರಗೆ ಬಂದು ಬಸ್‌ಸ್ಟ್ಯಾಂಡಿಗೆ ನಡೆದೆ. ನನಗೆ ಅವಮಾನವಾಗಿತ್ತು, ಸಿಟ್ಟೂ ಬಂದಿತ್ತು. ಅದಕ್ಕಿಂತ ಹೆಚ್ಚಾಗಿ, ಆ ಮಗುವಿಗೆ ಬೇಕಾದ ಹೊತ್ತಿನಲ್ಲಿ ನನ್ನ ಸಹಿ ನಾಲ್ಕಾಣೆಗೂ ಬಾಳಲಿಲ್ಲವಲ್ಲ ಎಂಬುದು ಕೊರೆಯುತ್ತಿತ್ತು.

ಆ ವರ್ಷದ ಮೆಣಸಿನ ಕೊಯ್ಲು ಭವ್ಯಳ ಸ್ವಂತ ಮೆಷಿನ್ನಿಲ್ಲದೆಯೇ ಮುಗಿಯಿತು. ಅವಳು ಯಸಳೂರಿನ ಒಬ್ಬರ ಹಳೆಯ ಮೆಷಿನ್ನನ್ನು ರಜೆಯ ದಿನಗಳಿಗೆ ಬಾಡಿಗೆಗೆ ತಂದು ನಾಲ್ಕಾರು ಮನೆಗಳ ಕಣದಲ್ಲಿ ಓಡಿಸಿದಳು. ಬಾಡಿಗೆ ಕಳೆದು ಉಳಿದದ್ದು ಅಷ್ಟಕ್ಕಷ್ಟೆ, ಆದರೆ ಮುಂದಿನ ವರ್ಷವೂ ನೀನೇ ಬಾ ಎಂದು ಜನ ಹೇಳಿ ಕಳಿಸಿದರು. ಹಳೆಯ ಕಾರ್ಡಿನಲ್ಲಿ ಪೆಟ್ರೋಲು, ನವೀನನ ಕಾರ್ಡಿನಲ್ಲಿ ಫೋನಿನ ಬಿಲ್ಲು, ಅಷ್ಟೇ ಖರ್ಚು; ಗಡುವಿಗೆ ಮುಂಚೆ ಪೂರ್ತಿ ಕಟ್ಟುವುದು; ಹೊಸ ಬಾಗಿಲು ತಟ್ಟದಿರುವುದು. ಇದು ನನ್ನ ವ್ರತವಿಧಿ, ಅವಳು ಚಾಚೂ ತಪ್ಪದೆ ನಡೆಸಿದಳು. ವ್ರತ ಕೆಡಿಸಲು ಒಂದೇ ಒಂದು ಸಲ ಅವಕಾಶವಿತ್ತು. ಇನ್ನೊಬ್ಬ ಹುಡುಗ, ಇವನು ನಮ್ಮ ಸೋದರಮಾವನ ಕಡೆಯವನು, ಕಾರ್ಡಿನ ಜೊತೆ ಒಂದು ಬ್ಯಾಗು ಕೊಡುತ್ತೇವೆ ಎಂದು ಬೆಳಗೋಡಿಗೆ ಬಂದ. ಗಿರಿಜೆ ರೊಟ್ಟಿ ತಟ್ಟಲು ಕೂತೇ ಬಿಟ್ಟಳು. ಭವ್ಯ ಅಡಿಗೆಮನೆಯಿಂದ ಹೊರಗೆ ಬಂದು ಹೇಳಿದಳಂತೆ:

"ಅಣ್ಣ, ರೊಟ್ಟಿ ಎಷ್ಟಾದ್ರೂ ತಿನ್ನು. ಕಾರ್ಡ್ ಮಾತ್ರ ಬ್ಯಾಡ ಕಣೋ."

ಅವನು ನಕ್ಕು ಐದು ರೊಟ್ಟಿ ತಿಂದು ಹೋದ. ಮುನಿಸಿಕೊಳ್ಳಲಿಲ್ಲ. ತಲೆಮಾರುಗಳಿಂದ ನಾವು ಹೆದರಿಕೊಂಡು ಬಂದಿದ್ದ ಆ 'ಇಲ್ಲ' ಎಂಬ ಮಾತು ಇಷ್ಟು ಸಲೀಸಾಗಿ ಗಂಟಲಿಳಿಯುತ್ತದೆ ಎಂದು ನನ್ನ ತಂಗಿಗೆ ಆವತ್ತೇ ಗೊತ್ತಾದದ್ದು.

ಮುಂದಿನ ಆಯುಧಪೂಜೆ ಕಳೆದ ಮೇಲೆ ಭವ್ಯ ಒಬ್ಬಳೇ ಬ್ಯಾಂಕಿಗೆ ಹೋದಳು. ಯಾರ ಸಹಿಯೂ ಬೇಕಾಗಲಿಲ್ಲ. ಈ ಸಲದ ಕೊಯ್ಲಿಗೆ ಅವಳ ಪಿಕಪ್ಪು ಬೆಳಗೋಡು, ಯಸಳೂರು, ನಮ್ಮ ಆಲೂರಿನ ಹಳ್ಳಿಗಳನ್ನೆಲ್ಲ ಸುತ್ತಿತು. ಹಲ್ಲಿನ ಆಸ್ಪತ್ರೆಗೆ ಅರ್ಧ ದಿನ, ಮೆಣಸಿಗೆ ಅರ್ಧ ದಿನ. ಹಾಗಾದರೆ ಕಿರಿಯರು ಹೆಸರು ಬೆಳೆಸಿಕೊಳ್ಳಲು ಹೆಚ್ಚು ಹೆಚ್ಚು ಕಾರ್ಡು ತೆಗೆಸಬೇಕೇ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಈಗಲೂ ಅದೇ: ಬೇಡ, ಒಂದನ್ನು ತೆಗೆಸಿ ನೆಟ್ಟಗೆ ನಡೆಸು, ಕಾದಿರು. ಗಂಟಲು ಒಂದಿಷ್ಟೂ ತಗ್ಗಿಸದೆ ಹೇಳುತ್ತೇನೆ.

ಆದರೆ ಮೊನ್ನೆ ಭವ್ಯ ನನ್ನ ಜಗಲಿಯಲ್ಲಿ ಕೂತು, ಮುಂದಿನ ವರ್ಷ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಮೆಷಿನ್ನೂ ಬೇಕು, ಅದು ದೊಡ್ಡ ಸಾಲ, ಜೊತೆಗೆ ಸಹಿಗೆ ಒಬ್ಬರು ಬೇಕೇ ಬೇಕಂತೆ ಎಂದಳು. ಅಪ್ಪನನ್ನು ಕೇಳುವ ಮಾತೆತ್ತಲಿಲ್ಲ, ಅಮ್ಮನನ್ನೂ ಇಲ್ಲ.

"ಠೇವಣಿ ಇಟ್ರೆ ಅದ್ರ ಮೇಲೆ ಕೊಡೋ ಕಾರ್ಡ್ ಒಂದೈತೆ. ನೀನೊಂದು ಮಾಡ್ಸು ದೊಡ್ಡಮ್ಮ," ಎಂದಳು. "ನಂಗೆ ನಿನ್ ಸಹೀನೇ ಬೇಕು."

ಸಾಲವಿಲ್ಲದೆ ಬದುಕಿದ್ದನ್ನು ನಾನು ಇಷ್ಟು ಕಾಲ ಸ್ವಾಭಿಮಾನ ಎಂದುಕೊಂಡಿದ್ದೆ. ಇರಲಿ, ಸ್ವಾಭಿಮಾನವೇ. ಆದರೆ ಯಾರಿಂದಲೂ ಏನೂ ತೆಗೆದುಕೊಳ್ಳದವಳ ಹತ್ತಿರ ಇನ್ನೊಬ್ಬರಿಗೆ ಕೊಡಲು ಒಂದು ಸಹಿಯೂ ಇರುವುದಿಲ್ಲ ಎಂಬುದು ನನಗೆ ಯಾರೂ ಹೇಳದೆ ಉಳಿದ ಮಾತು. ಮಾರನೆಯ ದಿನವೇ ಹೋಗಿ ಮಾಡಿಸಿದೆ. ಈಗ ಕಾರ್ಡಿನಲ್ಲಿ ತಿಂಗಳಿಗೊಮ್ಮೆ ಮಾತ್ರೆ ಕೊಳ್ಳುತ್ತೇನೆ, ಬಿಲ್ಲು ಬಂದ ದಿನವೇ ಕಟ್ಟುತ್ತೇನೆ. ನನ್ನ ಸಹಿಗೆ ಬೆಲೆ ಬರಲು ಇನ್ನೂ ಕೆಲವು ತಿಂಗಳು ಹಿಡಿಯುತ್ತದಂತೆ. ಅವಸರವೇನೂ ಇಲ್ಲ, ಅಲ್ಲಿಯವರೆಗೆ ಕಾಯುತ್ತೇನೆ ಎಂದಿದ್ದಾಳೆ ಭವ್ಯ.